ಗುಡಿ ಮುಂದಿನ ಗೇರು

ಎಪ್ಪತ್ತರ ದಶಕದ ಮಾತು. ಕಾಮಾಕ್ಷಿಪಾಳ್ಯದ ನನ್ನ ಗ್ಯಾರೇಜಿಗೆ ರುದ್ರಪ್ಪ ಮೇಷ್ಟ್ರು ತಮ್ಮ ಹಳೇ ಇಂಗ್ಲಿಷ್ ಮೋಟಾರ್ ಸೈಕಲ್ಲನ್ನು ಮತ್ತೆ ತಳ್ಳಿಕೊಂಡು ಬಂದರು. "ಕ್ಲಚ್ ಸ್ಲಿಪ್ ಆಗ್ತಾನೇ ಇದೆ ಕಣಪ್ಪ. ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಬೇರೆ ಕಡೆ ತೋರಿಸ್ತೀನಿ" ಅಂದರು.

ಬಿಚ್ಚಿ ನೋಡಿದೆ. ಮೊನ್ನೆ ಮೊನ್ನೆ ಹಾಕಿದ್ದ ಕ್ಲಚ್ ಪ್ಲೇಟುಗಳು ಸುಟ್ಟು ಕರಕಲಾಗಿದ್ದವು. ಸ್ಪ್ರಿಂಗು, ಕೇಬಲ್ಲು ಎಲ್ಲ ಸರಿಯಾಗಿಯೇ ಇದ್ದವು. ಹೊಸ ಪ್ಲೇಟು ಹಾಕಿ ಮಾಗಡಿ ರೋಡಲ್ಲಿ ನಾನೇ ಓಡಿಸಿದರೆ ಒಂದು ತಕರಾರಿಲ್ಲ. ನನಗೆ ತಲೆ ಕೆಟ್ಟುಹೋಯಿತು. "ನೀವು ಓಡಿಸಿ ಸಾರ್, ನಾನು ಹಿಂದೆ ಕೂರ್ತೀನಿ" ಅಂದೆ.

ರಾಜಾಜಿನಗರದ ಕಡೆ ಹೊರಟೆವು. ಗಣೇಶನ ಗುಡಿ ಬಂತು. ಮೇಷ್ಟ್ರು ಎಡಗೈಯಲ್ಲಿ ಕ್ಲಚ್ ಹಿಡಿದು, ಬಲಗೈಯನ್ನು ಎದೆಗೆ ಮುಟ್ಟಿಸಿ, ತುಟಿಗೆ ಒತ್ತಿಕೊಂಡರು. ಅಷ್ಟರಲ್ಲಿ ಗಾಡಿ ನಿಲ್ಲುವ ಹಾಗಾಗಿತ್ತು. ಆಮೇಲೆ ಅದೇ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿ, ಕ್ಲಚ್ಚನ್ನು ಅರ್ಧಂಬರ್ಧ ಬಿಡುತ್ತಾ ಗಾಡಿ ಎಳೆಸಿದರು. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಆಂಜನೇಯನ ಗುಡಿ ಮುಂದೆಯೂ ಅದೇ ಕಥೆ.

"ಗೇರ್ ಇಳಿಸಿ ಸಾರ್" ಅಂತ ಕೂಗಿದೆ.

ಮೇಷ್ಟ್ರು ಗಾಡಿ ನಿಲ್ಲಿಸಿ, ತಿರುಗಿ ನನ್ನನ್ನೇ ದಿಟ್ಟಿಸಿದರು. "ದೇವರ ಮುಂದೆ ಕಾಲಲ್ಲಿ ಒದಿ ಅಂತೀಯೇನಯ್ಯಾ?"

ಒದೆ ಬೀಳೋದು ಗೇರಿಗೆ ತಾನೇ, ದೇವರಿಗೆ ಅಲ್ಲವಲ್ಲ ಅನ್ನಬೇಕೆನಿಸಿತು. ಅನ್ನೋಕೆ ಧೈರ್ಯ ಬರಲಿಲ್ಲ. ಅವರು ಹೇಳಿದ್ದೇ ಸರಿಯೇನೋ ಅಂತಲೂ ಅನ್ನಿಸಿತು. ಕೊನೆಗೆ, "ಗುಡಿ ಬರೋ ಮುಂಚೆ ಇಳಿಸಿ, ದಾಟಿದ ಮೇಲೆ ಏರಿಸಿ" ಅಂದೆ.

ಅವರ ಕ್ಲಚ್ ಸರಿಹೋಯಿತು. ಆದರೆ ಅವತ್ತಿನಿಂದ, ಮುಂಚೆ ಇಳಿಸುವುದನ್ನು ಮರೆತು ಗುಡಿ ಮುಂದೆ ಬಂದುಬಿಟ್ಟರೆ, ಗೇರಿನ ಮೇಲೆ ನನ್ನ ಕಾಲೇ ಏಳುವುದಿಲ್ಲ. ಈಗ ಪ್ಲೇಟು ಸುಡುತ್ತಿರುವುದು ನನ್ನ ಗಾಡಿಯಲ್ಲಿ.