ಮಾತಾಡಿ, ಓದ್ತೀನಿ

ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಿದ್ದ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಬೆರಳುಗಳಿಗೆ ಮಾತ್ರ ಪುರುಸೊತ್ತಿರಲಿಲ್ಲ; ಕೆಲಸವಿಲ್ಲದಾಗಲೂ ಯಾವುದೋ ಸ್ಕ್ರೂ ತಿರುಗಿಸುತ್ತಲೇ ಇರುತ್ತಿದ್ದವು. ಮೊದಲೆಲ್ಲ ಬೇರೆಯವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ದುಡಿದವರು. ಗಿರಾಕಿಗಳ ಜತೆ ಮಾತೆಲ್ಲ ಯಜಮಾನನದೇ. ನಾವು ಆಡಿದ ಮಾತನ್ನು ಕನ್ನಡದಲ್ಲಿ ಬರೆದು ತೋರಿಸುವ ಫೋನು ಕೈಗೆ ಬಂದ ಮೇಲೆ ಸ್ವಂತ ಅಂಗಡಿ ತೆರೆದರು. ಯಾರೇ ಬಂದರೂ ಫೋನನ್ನು ಮುಂದಿಟ್ಟು, ಮೇಜಿಗೆ ಅಂಟಿಸಿದ ಚೀಟಿ ತೋರಿಸುತ್ತಿದ್ದರು: ‘ಮಾತಾಡಿ, ಓದ್ತೀನಿ.’

ಮೊದಲ ಸಲ ಹೋದಾಗ ನನಗೋ ಅವಸರ. ಮಿಕ್ಸಿಯ ತೊಂದರೆ ಹೇಳಿದೆ. ಅವರು ಓದಿ, ಅದನ್ನು ಓಡಿಸಿ, ಅದರ ಮೈಮೇಲೆ ಅಂಗೈಯಿಟ್ಟು ನೋಡಿ ನಿಲ್ಲಿಸಿದರು. ನಾನು ಪಕ್ಕದಲ್ಲಿದ್ದ ತಂಗಿಗೆ, “ಕಿವೀನೇ ಕೇಳಲ್ಲ, ಮೋಟರ್ ಸದ್ದು ಇವರಿಗೇನ್ ಗೊತ್ತಾಗತ್ತೆ? ಬಾರೇ, ಬೇರೆ ಕಡೆ ಹೋಗೋಣ” ಅಂದೆ.

ತಂಗಿ ನನ್ನ ಕೈ ಚಿವುಟಿದಳು. ಫೋನು ಅದನ್ನೂ ಬರೆದಿತ್ತು.

ಅವರು ಓದಿದರು. ಮಿಕ್ಸಿಯನ್ನು ಮತ್ತೆ ಓಡಿಸಿ, ನನ್ನ ಅಂಗೈಯನ್ನೂ ಅದರ ಮೇಲಿಡುವಂತೆ ಸನ್ನೆ ಮಾಡಿದರು. ಇಟ್ಟೆ. ಒಂದು ಕಡೆ ಮಾತ್ರ ಬೇರೆ ಥರ ಅದುರುತ್ತಿತ್ತು.

ಕ್ಷಮೆ ಕೇಳಲು ಫೋನಿನತ್ತ ಬಾಗಿದೆ. ಅವರು ಪರದೆಯ ಮೇಲಿದ್ದ ನನ್ನ ಮಾತನ್ನು ಅಳಿಸಿ, ಫೋನನ್ನು ಮತ್ತೆ ನನ್ನ ಮುಂದಿಟ್ಟು, ಚೀಟಿಯ ಮೇಲೆ ಬೆರಳು ತಟ್ಟಿದರು.