ದೊಡ್ಡತ್ತೆ ಹೇಳಿದ ಕ್ಲೈಮ್ಯಾಕ್ಸ್

ಹೋದ ವಾರ ನಮ್ಮ ಮನೆಯಲ್ಲಿ ಕಳ್ಳತನವಾಯಿತು. ಕಳುವಾದದ್ದು ಟಿವಿ ರಿಮೋಟ್. ಸಿಕ್ಕಿದ್ದು ರಾಗಿ ಹಿಟ್ಟಿನ ಡಬ್ಬಿಯಲ್ಲಿ. ಕಳ್ಳರು ಯಾರು ಅಂತೀರಿ? ಎಪ್ಪತ್ತು ದಾಟಿದ ನಮ್ಮ ದೊಡ್ಡತ್ತೆ.

"ಹಿಟ್ಟು ತೆಗೆಯೋವಾಗ ಬಿದ್ದೋಗಿರ್ಬೇಕು ಬುಡು" ಅಂದರು.

(ರಿಮೋಟ್ ಡಬ್ಬಿಯೊಳಗೆ ಬೀಳಬಹುದು, ಒಪ್ಪೋಣ. ಬಿದ್ದ ಮೇಲೆ ತಾನಾಗಿಯೇ ಹಿಟ್ಟಿನ ತಳಕ್ಕಿಳಿದು, ಮುಚ್ಚಳವನ್ನೂ ಹಾಕಿಕೊಳ್ಳುತ್ತದೆಯೇ?)

ನಮ್ಮಪ್ಪನಿಗೆ ಇಬ್ಬರು ಅಕ್ಕಂದಿರು. ದೊಡ್ಡತ್ತೆ ಇರುವುದು ಮಧುಗಿರಿಯಲ್ಲಿ, ಮಗ ಸೊಸೆಯ ಜೊತೆ. ಚಿಕ್ಕತ್ತೆ ಪಾವಗಡದಲ್ಲಿ ಸ್ವಂತ ಮನೆ ಕಟ್ಟಿಕೊಂಡಿರುವ ರಿಟೈರ್ಡ್ ಟೀಚರ್. ಚಿಕ್ಕತ್ತೆಗೆ ಕಣ್ಣಿನ ಪೊರೆ ತೆಗೆಸಿ, ಒಂದಷ್ಟು ದಿನ ಇರಲಿ ಅಂತ ಶಿರಾದ ನಮ್ಮ ಮನೆಗೆ ಕರೆತಂದಿದ್ದೆ. ತಂಗಿಯನ್ನು ನೋಡಿಕೊಳ್ಳುತ್ತೇನೆಂದು ದೊಡ್ಡತ್ತೆಯೂ ಬ್ಯಾಗು ಹಿಡಿದು ಬಂದಿಳಿದರು.

ದೊಡ್ಡತ್ತೆಯ ಸಿನಿಮಾ ಹುಚ್ಚು ನಮ್ಮ ಬಳಗಕ್ಕೆಲ್ಲ ಗೊತ್ತು. ಹಳೆಯ ಸಿನಿಮಾಗಳೇ ಆಗಬೇಕು. ಕಪ್ಪು ಬಿಳುಪಾದರೆ ಇನ್ನೂ ಒಳ್ಳೆಯದು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗ ಹಾಲ್‌ನಲ್ಲಿರುವ ಟಿವಿಯಿಂದ ಪಿಟೀಲಿನ ದನಿ ಕೇಳಿದರೆ ಸಾಕು, "ಈಗ ಅತ್ತೆ ಬಂದು ಬಾಗ್ಲು ಹಾಕ್ತಾಳೆ ನೋಡು" ಅನ್ನುತ್ತಾರೆ. ಅತ್ತೆ ಬರುತ್ತಾಳೆ, ಬಾಗಿಲು ಹಾಕುತ್ತಾಳೆ. ವಿಲನ್ ಬಂದರೆ ಟಿವಿಗೇ ಬೈಗುಳ: "ಬಂದ ನೋಡು ಮನೆಹಾಳ." ಈಗಿನ ಸಿನಿಮಾಗಳ ಬಗ್ಗೆ ಅವರದು ಒಂದೇ ವಿಮರ್ಶೆ. "ಬರೀ ಕತ್ಲೆ, ಹೊಗೆ, ಲಾಂಗು. ಒಂದು ಮುಖನಾದ್ರೂ ನೆಟ್ಟಗೆ ಕಾಣ್ತದಾ?" ಮೊಮ್ಮಗನ ನಾಮಕರಣದ ದಿನ ಟಿವಿಯಲ್ಲಿ ಹಳೇ ಸಿನಿಮಾ ಬರುತ್ತಿದೆಯೆಂದು, ಮಗುವಿನ ಹೆಸರು ಕೂಗುವುದನ್ನೇ ಬ್ರೇಕ್ ಬರುವ ತನಕ ತಡೆದ ಮಹಾತಾಯಿ ಇವರು.

ಅಂಥವರು ರಿಮೋಟ್ ಬಚ್ಚಿಡುವುದೆಂದರೆ? ಬೆಕ್ಕೇ ಹಾಲಿನ ಪಾತ್ರೆಗೆ ಮುಚ್ಚಳ ಹಾಕಿದ ಹಾಗಾಯಿತು. ಅನುಮಾನ ಬರದೆ ಇರುತ್ತದೆಯೇ?

ಎಲ್ಲ ಶುರುವಾದದ್ದು ಒಂದು ಸಿನಿಮಾದಿಂದ. ದೊಡ್ಡತ್ತೆಗೆ ಎಲ್ಲಕ್ಕಿಂತ ಪ್ರಿಯವಾದ ಸಿನಿಮಾ. (ಹೆಸರು ಹೇಳಲಾರೆ. ಹೇಳಿದರೆ ನೀವೂ ಹೋಗಿ ಕೊನೆ ನೋಡಿಬಿಡುತ್ತೀರಿ.) ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಆ ಕಥೆಯನ್ನು ಅವರಿಂದ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹುಡುಗಿ. ದೊಡ್ಡ ಮನೆ, ಗಟ್ಟಿಗಿತ್ತಿ ಅತ್ತೆ, ಬೆಳಗಿಂದ ಸಂಜೆವರೆಗೆ ಚಾಕರಿ. ಕೊನೆಗೊಂದು ಬೆಳಗ್ಗೆ ಆ ಹುಡುಗಿ ಟ್ರಂಕು ಹಿಡಿದು ಹೊಸ್ತಿಲು ದಾಟುತ್ತಾಳೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾಳೆ, ತಡೆಯುವುದಿಲ್ಲ. ಕೆಂಪು ಬಸ್ಸು ಬರುತ್ತದೆ. ಹುಡುಗಿ ಹತ್ತುತ್ತಾಳೆ. ಪಟ್ಟಣಕ್ಕೆ ಹೋಗಿ ಓದಿ ಟೀಚರ್ ಆಗುತ್ತಾಳೆ. ಶುಭಂ.

ಆ ಸಿನಿಮಾ ಟಿವಿಯಲ್ಲಿ ಬಂದದ್ದನ್ನು ನಾನಂತೂ ಕಾಣೆ. ಈಚೆಗೆ ಯಾರೋ ಪುಣ್ಯಾತ್ಮರು ಹಳೆಯ ಪ್ರಿಂಟೊಂದನ್ನು ನೆಟ್‌ಗೆ ಹಾಕಿದ್ದಾರೆ. ನನ್ನ ಕಣ್ಣಿಗೆ ಬಿತ್ತು. ಅತ್ತೆಯರಿಗೆ ಸರ್‌ಪ್ರೈಸ್ ಕೊಡೋಣವೆಂದು ಸಂಭ್ರಮದಿಂದ ಹೇಳಿದೆ.

ಚಿಕ್ಕತ್ತೆ ಕೂತಲ್ಲೇ ನೆಟ್ಟಗಾದರು. "ಹೌದಾ? ನಾನು ಅದನ್ನ ನೋಡೇ ಇಲ್ಲಮ್ಮ. ಅಕ್ಕನ ಬಾಯಲ್ಲಿ ಕೇಳಿದ್ದಷ್ಟೆ. ಹಾಕು ಹಾಕು!"

ದೊಡ್ಡತ್ತೆಯ ಮುಖ ಬಿಳಿಚಿಕೊಂಡಿತು. "ಆಪರೇಷನ್ ಆದ ಕಣ್ಣಿಗೆ ಟಿವಿ ತೋರಿಸ್ತಾರೇನೆ? ಬುದ್ಧಿ ಐತಾ ನಿಂಗೆ?"

ಟಿವಿ ನೋಡಬಹುದು ಅಂತ ಡಾಕ್ಟರೇ ಹೇಳಿದ್ದರು. ಆದರೂ ಅವತ್ತು ಸಿನಿಮಾ ಹಾಕಲಿಲ್ಲ. ಮಾರನೆಯ ದಿನ ಕೇಳಿದರೆ, "ಅಮಾಸೆ ದಿನ ಅಳೋ ಸಿನಿಮಾ ಬ್ಯಾಡ" ಅಂದರು. (ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆ ಕಳೆದು ವಾರವಾಗಿತ್ತು.) ಅದರ ಮರುದಿನ ಮನೆಯ ನೆಟ್ಟೇ ಹೋಯಿತು. ನೋಡಿದರೆ ವೈಫೈ ಡಬ್ಬಿಯ ವೈರು ಕಿತ್ತಿತ್ತು. ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿತಂತೆ. ನಮ್ಮ ಮನೆಯ ವೈಫೈ ಡಬ್ಬಿ ಇರುವುದು ಗೋಡೆಯ ಮೇಲೆ, ಗಡಿಯಾರದ ಪಕ್ಕ. ಅಲ್ಲಿ ಯಾವ ಕಸ?

ವೈರು ಸಿಕ್ಕಿಸಿದ್ದಾಯಿತು. ಆಮೇಲೆ ರಿಮೋಟ್ ಪ್ರಕರಣ.

"ನಿಮ್ಮತ್ತೆ ಏನೋ ಮುಚ್ಚಿಡ್ತಿದಾರೆ" ಅಂದರು ನನ್ನ ಯಜಮಾನರು, ಪತ್ತೇದಾರನ ಗತ್ತಿನಲ್ಲಿ. "ಆ ಕಾಲದಲ್ಲಿ ಟೆಂಟ್ ಸಿನಿಮಾಕ್ಕೆ ಯಾರ ಜೊತೆ ಹೋಗಿದ್ರು, ಅದನ್ನ ಕೇಳು."

ಸುಳ್ಳು ಯಾಕೆ ಹೇಳಲಿ, ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ನಮ್ಮ ಬುದ್ಧಿ ನೋಡಿ. ಹೆಂಗಸೊಬ್ಬಳು ಏನಾದರೂ ಬಚ್ಚಿಟ್ಟರೆ ನಮಗೆ ಮೊದಲು ಹೊಳೆಯುವುದು ಒಬ್ಬ ಗಂಡಸು. ಬೇರೆ ಬಚ್ಚಿಡುವಂಥದ್ದು ಅವಳ ಹತ್ತಿರ ಇರುವುದೇ ಇಲ್ಲವೇ?

ಇನ್ನೊಂದು ಅನುಮಾನವೂ ಇತ್ತು. ದೊಡ್ಡತ್ತೆ ಆ ಸಿನಿಮಾ ನಿಜವಾಗಿ ನೋಡಿದ್ದಾರಾ? ರೊಟ್ಟಿ ತಟ್ಟುತ್ತಿದ್ದವರನ್ನು ಮೆಲ್ಲಗೆ ಕೆದಕಿದೆ.

"ಅತ್ತೆ, ಅದು ಬ್ಲಾಕ್ ಅಂಡ್ ವೈಟ್ ಸಿನಿಮಾ. ಬಸ್ಸು ಕೆಂಪು ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

ತಟ್ಟುವ ಕೈ ಒಂದು ಕ್ಷಣ ನಿಂತಿತು. "ಸರ್ಕಾರಿ ಬಸ್ಸು ಇನ್ಯಾವ ಬಣ್ಣ ಇರ್ತದೆ? ನೋಡಿದ್ರೆ ಗೊತ್ತಾಗಲ್ವಾ?"

ಉತ್ತರವೇನೋ ಸರಿ. ಆದರೆ ರೊಟ್ಟಿ ಹರಿದಿತ್ತು.

ಇನ್ನು ತಡೆಯಲಾಗಲಿಲ್ಲ. ಮಧ್ಯಾಹ್ನ ಇಬ್ಬರೂ ಮಲಗಿದ್ದಾಗ ಇಯರ್‌ಫೋನ್ ಹಾಕಿಕೊಂಡು, ಮಹಡಿ ಮೆಟ್ಟಿಲ ಮೇಲೆ ಕೂತು, ಮೊಬೈಲಿನಲ್ಲಿ ಆ ಸಿನಿಮಾವನ್ನು ಪೂರ್ತಿ ನೋಡಿದೆ.

ಗಂಡ ಸತ್ತ ಹುಡುಗಿ ಇದ್ದಳು. ದೊಡ್ಡ ಮನೆ ಇತ್ತು. ಗಟ್ಟಿಗಿತ್ತಿ ಅತ್ತೆ ಇದ್ದಳು. ಒಂದು ದೃಶ್ಯವೂ ಹೆಚ್ಚುಕಮ್ಮಿ ಇಲ್ಲ, ಎಲ್ಲ ದೊಡ್ಡತ್ತೆ ಹೇಳಿದಂತೆಯೇ. ಇಲ್ಲದಿದ್ದುದು ಬಸ್ಸು. ಆ ಹುಡುಗಿ ಕೊನೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಕೆಮ್ಮುತ್ತಾಳೆ, ಸೊರಗುತ್ತಾಳೆ, ಅದೇ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡುತ್ತಾಳೆ. ಎಲ್ಲರೂ ಅಳುತ್ತಾರೆ. ಅವಳ ಫೋಟೊಗೆ ಹಾರ ಹಾಕಿ ದೇವತೆ ಅನ್ನುತ್ತಾರೆ. ಶುಭಂ. (ಯಾರಿಗೆ ಶುಭ?)

ಕೆಳಗಿಳಿದು ಬಂದೆ. ದೊಡ್ಡತ್ತೆ ಎದ್ದು ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ನನ್ನ ಮುಖ ನೋಡಿದ್ದೇ ತಡ, ಅವರೇ ಕೇಳಿದರು.

"ನೋಡ್ಬುಟ್ಯಾ?"

"ನೋಡ್ದೆ. ಅವಳು ಸಾಯ್ತಾಳಲ್ಲ ಅತ್ತೆ?"

ದೊಡ್ಡತ್ತೆ ಒಳಗಿನ ಕಡೆ ನೋಡಿದರು. ಚಿಕ್ಕತ್ತೆಯ ಗೊರಕೆ ಕೇಳುತ್ತಿತ್ತು. ಆಮೇಲೆ ಸೊಪ್ಪಿನ ಕಡೆ ನೋಡುತ್ತಲೇ ಹೇಳಿದರು.

ಅವರ ತೌರು ಚನ್ನರಾಯನದುರ್ಗದ ಹತ್ತಿರದ ಹಳ್ಳಿ. ಸುಗ್ಗಿ ಮುಗಿದ ಮೇಲೆ ದುರ್ಗದ ಬುಡದಲ್ಲಿ ಟೂರಿಂಗ್ ಟೆಂಟು ಹಾಕುತ್ತಿದ್ದರು. ಚಿಕ್ಕತ್ತೆಯ ಗಂಡ ಮದುವೆಯಾದ ವರ್ಷದೊಳಗೇ ತೀರಿಹೋಗಿ, ಅವರು ತೌರಿಗೆ ವಾಪಸು ಬಂದಿದ್ದರು. ಗಂಡ ಸತ್ತ ಹುಡುಗಿ ಟೆಂಟಿಗೆ ಹೋದರೆ ಊರವರು ಏನಂದಾರು ಅಂತ ನಮ್ಮಜ್ಜಿ ಅವರನ್ನು ಕಳಿಸುತ್ತಿರಲಿಲ್ಲ. ದೊಡ್ಡತ್ತೆ ತೌರಿಗೆ ಬಂದಾಗಲೆಲ್ಲ ಸಿನಿಮಾ ನೋಡಿ ಬಂದು, ತಂಗಿಗೆ ಹಿತ್ತಲಲ್ಲಿ ಕೂತು ಕಥೆ ಹೇಳುತ್ತಿದ್ದರು.

"ಆ ಸಿನಿಮಾನೂ ಅಂಗೇ ಹೇಳ್ತಾ ಇದ್ದೆ ಕಣಮ್ಮ. ಅವ್ಳು ಕಣ್ಣು ಮಿಟುಕಿಸ್ದೆ ಕೇಳ್ತಾವ್ಳೆ. ಕಥೆ ಎಲ್ಲಾ ಅವ್ಳದ್ದೇ. ಹುಡುಗಿ ಕೆಮ್ಮಾಕೆ ಶುರು ಮಾಡೋ ಜಾಗಕ್ಕೆ ಬಂದೆ. ಬಾಯಿ ಕಟ್ಕೊಂಡ್ಬುಡ್ತು. 'ಆಮೇಲೇನಾಯ್ತಕ್ಕಾ?' ಅಂದ್ಲು. ಹಿಂದಿನ ದಿನ ತಾನೆ ನೋಡಿದ್ದೆ, ಬಾವಿ ಕಟ್ಟೆ ಮೇಲೆ ಕೂತು ಒಂದೇ ಸಮ ನೀರು ನೋಡ್ತಿದ್ಲು. ಬಿಂದಿಗೆನೂ ಇರ್ಲಿಲ್ಲ, ಹಗ್ಗನೂ ಇರ್ಲಿಲ್ಲ. ಅಂಥೋಳಿಗೆ ಸತ್ತೋದ್ಲು ಅಂತ ಹೆಂಗೆ ಹೇಳ್ಲಿ? ಬಾಯಿಗೆ ಬಂದದ್ದು ಹೇಳ್ಬುಟ್ಟೆ. ಬಸ್ಸು ಹತ್ತಿದ್ಲು ಅಂದೆ."

"ಆಮೇಲೆ?"

"ಆಮೇಲೇನು? ಸ್ವಲ್ಪ ದಿವ್ಸಕ್ಕೆ ಅಪ್ಪನ ಮುಂದೆ ನಿಂತ್ಕೊಂಡು, ನಾನೂ ಓದ್ತೀನಿ ಅಂದ್ಲು."

ಮುಂದಿನದು ನಮ್ಮ ಮನೆಯವರಿಗೆಲ್ಲ ಗೊತ್ತಿರುವುದೇ. ಚಿಕ್ಕತ್ತೆ ಬಿಟ್ಟಿದ್ದ ಓದು ಮುಂದುವರಿಸಿದರು, ತುಮಕೂರಿನಲ್ಲಿ ಟ್ರೈನಿಂಗ್ ಮುಗಿಸಿದರು, ಪುರವರದಲ್ಲಿ ಮೊದಲ ಪೋಸ್ಟಿಂಗ್, ಆಮೇಲೆ ನಾಗಲಮಡಿಕೆಯ ಕಡೆ. ಸ್ಕೂಲು ಬಿಡಲು ಹೊರಟ ಹೆಣ್ಣುಮಕ್ಕಳ ಮನೆಬಾಗಿಲಿಗೆ ಹೋಗಿ, "ಒಂದು ಸಿನಿಮಾ ಇದೆ ಗೊತ್ತಾ?" ಅಂತ ಶುರು ಮಾಡಿ, ಅಕ್ಕ ಹೇಳಿದ ಕಥೆಯನ್ನೇ ಹೇಳುತ್ತಿದ್ದರಂತೆ.

"ಈಗ ಅದು ಸುಳ್ಳು ಅಂತ ಗೊತ್ತಾದ್ರೆ?" ದೊಡ್ಡತ್ತೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. "ನಮ್ಮಕ್ಕ ನನ್ನ ಏಮಾರಿಸಿದ್ಲು ಅಂದ್ಕೊಳ್ಳಲ್ವಾ? ಈ ವಯಸ್ನಾಗೆ ಅವ್ಳ ಮುಖ ಹೆಂಗೆ ನೋಡ್ಲಿ?"

ಅನುಮಾನ ಪಟ್ಟವಳು ಆ ಗಳಿಗೆಯಿಂದ ಕಳ್ಳರ ಗುಂಪಿಗೆ ಸೇರಿದೆ. ವೈರನ್ನು ನಾನೇ ಮತ್ತೆ ಕಿತ್ತು, ನೆಟ್ ರಿಪೇರಿಗೆ ಜನ ಬರಬೇಕು ಅಂತ ಚಿಕ್ಕತ್ತೆಗೆ ಹೇಳಿದೆ. ಆ ಸಿನಿಮಾ ಡಿಲೀಟ್ ಆಗಿದೆ ಅಂದೆ.

ಆದರೆ ಚಿಕ್ಕತ್ತೆ ಟೀಚರ್. ಹೊಸ ಕಣ್ಣು ಬೇರೆ. ಮರುದಿನ ಸಂಜೆ ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ, ವೈರನ್ನು ತಾವೇ ಸಿಕ್ಕಿಸಿ, ರಿಮೋಟಿನ ಮೈಕ್ ಗುಂಡಿ ಒತ್ತಿ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಸಿನಿಮಾದ ಹೆಸರು ಹೇಳಿಬಿಟ್ಟಿದ್ದರು. ಟಿವಿ ವಿಧೇಯ ವಿದ್ಯಾರ್ಥಿಯಂತೆ ಸಿನಿಮಾ ಹಾಕಿತ್ತು. ಪಕ್ಕದ ಮನೆಯ ಶಮೀಮಾ ಬಾಜಿಯೂ ಹಳೇ ಪಿಕ್ಚರ್ ಅಂದರೆ ಬಿಡುವವರಲ್ಲ, ಬಂದು ಕೂತಿದ್ದರು.

ದೊಡ್ಡತ್ತೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ಸದ್ದು ಮಾಡಿಕೊಂಡು ತೊಳೆಯುತ್ತಿದ್ದರು. ಕೆಮ್ಮು ಶುರುವಾದಾಗ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು.

ತೆರೆಯ ಮೇಲೆ ಹುಡುಗಿ ಕಣ್ಣು ಮುಚ್ಚಿದಳು.

"ಹಾಯ್ ಅಲ್ಲಾ, ಬೇಚಾರಿ ಸತ್ತೇ ಹೋದ್ಲಲ್ಲಮ್ಮ!" ಅಂತ ಶಮೀಮಾ ಬಾಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳಬೇಕಾದ ಚಿಕ್ಕತ್ತೆ ಅಳಲಿಲ್ಲ. ಕಪ್ಪು ಕನ್ನಡಕ ತೆಗೆದು, ಕಾಪಿ ಹೊಡೆದ ಹುಡುಗನನ್ನು ನೋಡುವ ಹಾಗೆ ಟಿವಿಯನ್ನು ನೋಡಿದರು.

"ಇದು ಡೂಪ್ಲಿಕೇಟು" ಅಂದರು.

"ಏನತ್ತೆ?"

"ಫೇಕು ಕಣಮ್ಮ. ಕೊನೆ ಬದಲಾಯಿಸಿದಾರೆ. ಇದೇಮಿ ಮೋಸ ಇದು! ಈಗ ಎಐ ಅಂತ ಬಂದಿದೆಯಲ್ಲ, ಸತ್ತೋರನ್ನೇ ಎದ್ದು ಮಾತಾಡಿಸ್ತಾರಂತೆ. ಬದುಕಿರೋಳನ್ನ ಸಾಯಿಸೋದು ಎಷ್ಟೊತ್ತು?" (ಪಾವಗಡದ ಕಡೆ ಅಷ್ಟು ವರ್ಷ ಪಾಠ ಮಾಡಿದವರ ಕನ್ನಡದಲ್ಲಿ, ಸಿಟ್ಟು ಬಂದರೆ ತೆಲುಗು ಇಣುಕುತ್ತದೆ.) "ಒರಿಜಿನಲ್ ನೋಡಿರೋಳು ಇಲ್ಲೇ ನಿಂತಿದಾಳೆ, ಕೇಳು. ಏನಕ್ಕಾ, ಅವಳು ಬಸ್ಸು ಹತ್ತಿದ್ಲು ತಾನೆ?"

ನಾವೆಲ್ಲ ಬಾಗಿಲ ಕಡೆ ತಿರುಗಿದೆವು. ದೊಡ್ಡತ್ತೆ ತಂಗಿಯ ಮುಖ ನೋಡಿದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹತ್ತಿದ್ಲು" ಅಂದರು.

"ಹತ್ತಿದ್ಮೇಲೆ ತಿರುಗಿ ನೋಡಿದ್ಲಾ?"

"ಇಲ್ಲ. ನೋಡ್ಲಿಲ್ಲ."

"ಕೇಳಿಸ್ತಾ?" ಅಂತ ಚಿಕ್ಕತ್ತೆ ನನ್ನ ಕಡೆ ತಿರುಗಿ, ಕೇಸ್ ಮುಗಿಸಿದರು. ಆಮೇಲೆ ನನ್ನ ಮೊಬೈಲ್ ಕಿತ್ತುಕೊಂಡು ಆ ವಿಡಿಯೊದ ಕೆಳಗೆ ತಾವೇ ಒಂದು ಕಾಮೆಂಟ್ ಟೈಪ್ ಮಾಡಿದರು. "ಇದು ಅಸಲಿ ಅಂತ್ಯ ಅಲ್ಲ. ದಯವಿಟ್ಟು ಹೆಣ್ಣುಮಕ್ಕಳನ್ನು ದಾರಿ ತಪ್ಪಿಸಬೇಡಿ. ಇಂತಿ, ನಿವೃತ್ತ ಶಿಕ್ಷಕಿ, ಪಾವಗಡ."

ಅಕ್ಕ ತಂಗಿ ಆ ಸಂಜೆ ಜೊತೆಯಲ್ಲಿ ಕೂತು ಬಿಸಿ ಮುದ್ದೆ ಉಂಡರು. ದೊಡ್ಡತ್ತೆ ಎರಡನೇ ಮುದ್ದೆ ಹಾಕಿಸಿಕೊಂಡದ್ದನ್ನು ಆ ವಾರದಲ್ಲಿ ಅದೇ ಮೊದಲು ನೋಡಿದ್ದು.

ನನ್ನ ಅನುಮಾನ ಮಾತ್ರ ಹೋಗಲಿಲ್ಲ. ಚಿಕ್ಕತ್ತೆ ನಿಜವಾಗಿಯೂ ನಂಬಿದರೇ? ಇಲ್ಲ, ಎಷ್ಟೋ ವರ್ಷಗಳ ಹಿಂದೆಯೇ ಗೊತ್ತಿದ್ದೂ ಸುಮ್ಮನಿದ್ದರೇ? ಕಣ್ಣಿಗೆ ಡ್ರಾಪ್ಸ್ ಹಾಕುವಾಗ ಮೆಲ್ಲಗೆ ಕೇಳಿದೆ. "ಅತ್ತೆ, ನಿಜ ಹೇಳು. ನಿಂಗೆ ಗೊತ್ತಿತ್ತಾ?"

"ಉತ್ತರ ಟೀಚರಿಗೆ ಗೊತ್ತಿದ್ರೆ ಸಾಲ್ದು. ಮಕ್ಕಳ ಬಾಯಲ್ಲೇ ಹೇಳಿಸ್ಬೇಕು" ಅಂದರು. "ಈಗ ಸುಮ್ನೆ ಡ್ರಾಪ್ಸ್ ಹಾಕು."

ಇದು ಹೌದೋ ಅಲ್ಲವೋ? ನೀವೇ ಹೇಳಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಬೆಳಗ್ಗೆ ನೋಡಿದರೆ, ಚಿಕ್ಕತ್ತೆಯ ಕಾಮೆಂಟಿನ ಕೆಳಗೆ ಜನ ಸೇರಿಬಿಟ್ಟಿದ್ದಾರೆ. "ಹೌದು ಮೇಡಂ, ಇದು ಫೇಕ್. ನಮ್ಮಜ್ಜಿ ಹೇಳಿದ ಪ್ರಕಾರ ಅವಳು ಕೊನೆಗೆ ಹೊಲಿಗೆ ಮೆಷಿನ್ ಇಟ್ಟುಕೊಳ್ಳುತ್ತಾಳೆ" ಅಂತ ಕೊರಟಗೆರೆಯ ಒಬ್ಬಾಕೆ. "ಇಲ್ಲ, ಅವಳು ಕೋರ್ಟಿಗೆ ಹೋಗಿ ಗಂಡನ ಪಾಲಿನ ಜಮೀನು ಬಿಡಿಸಿಕೊಳ್ಳುತ್ತಾಳೆ. ನಮ್ಮ ದೊಡ್ಡಮ್ಮ ಕಣ್ಣಾರೆ ನೋಡಿದ್ದರು" ಅಂತ ಇನ್ನೊಬ್ಬಾಕೆ. "ಎರಡನೇ ಮದುವೆ ಆಗುತ್ತಾಳಲ್ಲ, ಆ ಸೀನ್ ಯಾಕೆ ಕಟ್ ಮಾಡಿದಿರಿ?" ಅಂತ ಮತ್ತೊಬ್ಬರ ತಕರಾರು. ಎಲ್ಲರಿಗೂ ಒರಿಜಿನಲ್ ಪ್ರಿಂಟೇ ಬೇಕಂತೆ.

ಆ ಕಾಲದಲ್ಲಿ ಟೆಂಟಿನಿಂದ ಮನೆಗೆ ಬಂದು ಕಥೆ ಹೇಳಿದ ಹೆಂಗಸರಲ್ಲಿ, ನೋಡಿದ್ದನ್ನು ನೋಡಿದ ಹಾಗೇ ಹೇಳಿದವರು ಒಬ್ಬರಾದರೂ ಇದ್ದರೇ?