ಏಣಿಯಕ್ಕನ ಸೊಂಟ

ಬಟ್ಟೆ ಅಂಗಡಿಯಲ್ಲಿ ಮೇಲಿನ ಗೂಡಿನ ಥಾನು ಇಳಿಸುವವಳು ಏಣಿಯಕ್ಕನೇ. ಕುಂಟುತ್ತಾ ಏಣಿ ಹತ್ತಿ ಅವಳು ಇಳಿಸಿಕೊಟ್ಟ ಮೇಲೆ ಕೊಳ್ಳದೆ ಎದ್ದುಹೋಗುವ ಧೈರ್ಯ ಯಾವ ಗಿರಾಕಿಗೂ ಇರಲಿಲ್ಲ. ಎರಡು ವರ್ಷದ ಮಗುವಾಗಿದ್ದಾಗ, ಎಡಸೊಂಟದ ಕೀಲು ಜಾರಿದೆಯೆಂದು ಅವಳಿಗೆ ಆಪರೇಷನ್ ಆಗಿತ್ತು. ಒಪ್ಪಿಗೆಗೆ ಸಹಿ ಹಾಕಿದವಳು ತಾಯಿ; ಕುಂಟು ಮಾತ್ರ ಉಳಿದೇಬಿಟ್ಟಿತು. ನಲವತ್ತೆರಡು ವರ್ಷದ ಮೇಲೆ ಕೀಲು ನೋಯತೊಡಗಿದಾಗ ತಾಯಿಯೂ ಹಟ ಹಿಡಿದು ಆಸ್ಪತ್ರೆಗೆ ಹೊರಟಳು.

ಡಾಕ್ಟರು ಅವಳ ಕೆಲಸವೇನೆಂದು ಕೇಳಿಕೊಂಡು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಅವತ್ತು ನಾನು ಕೊಯ್ಸಬಾರದಿತ್ತಾ ಡಾಕ್ಟ್ರೇ?" ತಾಯಿ ಕೇಳಿಯೇಬಿಟ್ಟಳು.

"ಅಮ್ಮಾ, ಅವತ್ತು ಮಾಡಿಸದಿದ್ರೆ ಏಣಿ ಇರಲಿ, ಇವರು ನಡೆಯೋದೇ ಕಷ್ಟ ಆಗ್ತಿತ್ತು. ಈಗ ಕೀಲು ಸವೆದಿದೆ. ಮುಂದೆ ಬದಲಾಯಿಸಬೇಕಾಗಬಹುದು. ಸದ್ಯಕ್ಕೆ ಏಣಿ ಬೇಡ."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದೆಯ ಭಾರ ಇಳಿದದ್ದೇ ತಡ, ಬಾಯಿಗೆ ಬಲ ಬಂತು.

"ಕೇಳಿಸ್ತೇನೇ? ನಾನು ಸರಿಯಾಗೇ ಮಾಡ್ಸಿದ್ದೆ. ಹಾಳು ಮಾಡ್ಕೊಂಡಿದ್ದು ನೀನು, ಕೋತಿ ಥರ ಹತ್ತಿ ಇಳ್ದು!"

ಏಣಿಯಕ್ಕ ಬೆರಗಾಗಿ ನೋಡಿದಳು. ಅಣ್ಣತಮ್ಮಂದಿರನ್ನು ಬೈದು ಬೆಳೆಸಿದ ಅಮ್ಮ ಅವಳಿಗೆ ಈವರೆಗೆ ಒಮ್ಮೆಯೂ ಗದರಿದವಳಲ್ಲ.

"ಇನ್ನೂ ಬೈಯಮ್ಮಾ," ಎಂದು ನಕ್ಕಳು, "ಬಾಕಿ ಬಹಳ ಇದೆ."